ಜೋಡಿ ಊರುಗೋಲು

ಊಟಕ್ಕೆ ಕೂತಾಗ ಕೆಟ್ಟ ಸುದ್ದಿ ಎತ್ತಬಾರದು ಎಂಬುದು ಅತ್ತೆಯ ಕಟ್ಟಪ್ಪಣೆ. ಆದರೆ ಆ ಮನೆಯ ನಾಲ್ಕು ಜನ ಒಂದೇ ಕಡೆ ಸಿಗುತ್ತಿದ್ದದ್ದು ಊಟದ ಮೇಜಿನ ಹತ್ತಿರ ಮಾತ್ರ. ಹಾಗಾಗಿ ಸೊಸೆ ಆ ಮನೆಗೆ ಬಂದ ಹದಿನೈದು ವರ್ಷಗಳಲ್ಲಿ ಕೇಳಿದ ಕೆಟ್ಟ ಸುದ್ದಿಗಳೆಲ್ಲ ಬ್ರೆಡ್ಡು ಮುರಿಯುತ್ತ ಕೇಳಿದವೇ. ಆ ಮಧ್ಯಾಹ್ನವೂ ಹಾಗೇ ಆಯಿತು. ಆಸ್ಪತ್ರೆಗೆ ಹೋಗಿದ್ದ ಗಂಡ ಬಂದು ಕೈ ತೊಳೆದು ಕೂತ, ಬೇಯಿಸಿದ ಆಲೂಗಡ್ಡೆ ಹಾಕಿಸಿಕೊಂಡ, ಅದನ್ನು ಮುಟ್ಟದೆ ಹೇಳಿದ.

"ಟೈಲರ್ ಅಜ್ಜಿ ಬಿದ್ದಿದ್ದಾರೆ. ನಮ್ಮ ಊರುಗೋಲು ಊರಿಕೊಂಡು ಹೋಗ್ತಿದ್ದಾಗ. ಬಲಗೈ ಮಣಿಕಟ್ಟು ಮುರಿದಿದೆ."

"ಊರುಗೋಲು ಮುರೀತಾ?" ಅಂದರು ಮಾವ.

"ಇಲ್ಲಪ್ಪ. ಒಂದು ಕಡೆ ಕುಸಿದು ವಾಲಿದೆ."

"ಅಜ್ಜಿ ಹೇಗಿದ್ದಾರೆ ಅಂತ ಮೊದಲು ಕೇಳಬಾರದಾ?" ಅಂದರು ಅತ್ತೆ. ಮಾವ ಕೇಳಲಿಲ್ಲ. ಕೇಳಬಾರದೆಂದಲ್ಲ, ಅವರ ತಲೆ ಆಗಲೇ ಊರುಗೋಲಿನೊಳಗೆ ಹೊಕ್ಕಿತ್ತು.

ಮಾವನನ್ನು ಬೀದಿಯಲ್ಲಿ ಎಲ್ಲರೂ ಸ್ಪ್ರಿಂಗ್ ಯಜಮಾನರು ಅನ್ನುತ್ತಿದ್ದರು. ಮನೆಯ ಮುಂಭಾಗವೇ ಕಾರ್ಖಾನೆ: ತಂತಿ ಸುತ್ತುವ ಎರಡು ಮೆಷಿನ್ನು, ತುದಿ ಉಜ್ಜುವ ಕಲ್ಲು, ಸೋಪಿನ ನೀರಿನ ತೊಟ್ಟಿ. ತೊಳೆದ ಸ್ಪ್ರಿಂಗುಗಳು ತಟ್ಟೆಯಲ್ಲಿ ಹಿಂಭಾಗದ ಅಡುಗೆಮನೆಗೆ ಬಂದು, ಅತ್ತೆಯ ಓವನ್ನಿನಲ್ಲಿ ಒಣಗಿ, ಸೊಸೆಯ ಮೇಜಿಗೆ ಹೋಗುತ್ತಿದ್ದವು. ಉದ್ದ ಅಳೆದು, ಒತ್ತಿ ನೋಡಿ, ಸರಿಯಿಲ್ಲದ್ದನ್ನು ಎತ್ತಿ ಪಕ್ಕಕ್ಕಿಡುವುದು ಅವಳ ಕೆಲಸ. ಬೀದಿಯುದ್ದಕ್ಕೂ ಇಂಥವೇ ಸಣ್ಣ ಕಾರ್ಖಾನೆಗಳು, ಒಬ್ಬರ ಕೆಲಸ ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ಹಾಡುಹಗಲೇ ಶಟರ್ ಅರ್ಧ ಎಳೆದುಕೊಂಡು ದುಡಿಯುವ ಜನ. ಪಕ್ಕದವರು ಉಪ್ಪು ಕೇಳಿದರೆ ಬಟ್ಟಲು ತುಂಬ ಕೊಡುತ್ತಿದ್ದರು. ಯಾವ ಎಣ್ಣೆ ಬಳಸುತ್ತೀರಿ ಅಂತ ಕೇಳಿದರೆ ಮಾತ್ರ ಅವರಿಗೆ ಕಿವಿ ಮಂದವಾಗುತ್ತಿತ್ತು.

ಅಂಥ ಬೀದಿಯಲ್ಲಿ ಮೂರು ಮನೆಯವರು ಕೈ ಜೋಡಿಸಿದ್ದೇ ದೊಡ್ಡ ಸಂಗತಿ. ಯೋಚನೆ ಸೊಸೆಯ ಗಂಡನದು ಮತ್ತು ಅವಳ ಅಣ್ಣನದು. ಅಣ್ಣನಿಗೆ ಅದೇ ಬೀದಿಯಲ್ಲಿ ರಬ್ಬರಿನ ಕೆಲಸ. ವಾಷರ್, ಬಿರಡೆ, ಕುರ್ಚಿಯ ಕಾಲಿಗೆ ಹಾಕುವ ಟೋಪಿ, ಏನು ಬೇಕೋ ಅದು. ಕಂಕುಳಿಗೆ ಕೊಟ್ಟು ನಡೆಯುವ ಊರುಗೋಲಿನ ತುದಿಯಲ್ಲಿ ಸ್ಪ್ರಿಂಗ್ ಇಟ್ಟು, ಅದರ ಕೆಳಗೆ ಅಗಲವಾದ ರಬ್ಬರ್ ಪಾದ ಕೊಟ್ಟರೆ ಭುಜಕ್ಕೆ ಪೆಟ್ಟು ಬೀಳುವುದಿಲ್ಲ, ಒದ್ದೆ ನೆಲದಲ್ಲಿ ಜಾರುವುದಿಲ್ಲ ಎಂದು ಇಬ್ಬರೂ ಬ್ರೆಡ್ಡಿನ ಕಾಗದದ ಮೇಲೆ ಚಿತ್ರ ಬರೆದರು. ಎರಡನ್ನೂ ಹಿಡಿದಿಡುವ ಕೊಳವೆಗೆ ಎದುರುಸಾಲಿನ ಲೇತಿನಕ್ಕನನ್ನು ಕೇಳಿದರು. ಗಂಡ ಸತ್ತ ಮೇಲೆ ಲೋಹ ಕಡೆಯುವ ಅವನ ಲೇತನ್ನು ಅವನಿಗಿಂತ ಚೆನ್ನಾಗಿ ನಡೆಸುತ್ತಿದ್ದ ಹೆಂಗಸು ಆಕೆ. ಮೂವರಲ್ಲಿ ಒಬ್ಬರಿಂದಲೇ ಆಗುವ ವಸ್ತುವಲ್ಲ ಅದು. ಮೂವರೂ ಸೇರಿದರೆ ದೊಡ್ಡ ಕಾರ್ಖಾನೆಯವರೂ ಇನ್ನೂ ಮಾಡದ್ದು.

ಮಾವ ಒಪ್ಪಲು ಎರಡು ತಿಂಗಳು ಹಿಡಿಯಿತು. ಅಪ್ಪ ಕಲಿಸಿದ ವಿದ್ಯೆಯನ್ನು ಬೀದಿಗೆ ಹಂಚುವುದೇ ಎಂದು ತಟ್ಟೆ ಸರಿಸಿ ಎದ್ದು ಹೋದದ್ದು ಎಷ್ಟು ಸಲವೋ. ಆದರೆ ಒಪ್ಪಿದ ಮೇಲೆ ಕೈ ಬಿಗಿಹಿಡಿಯುವ ಮನುಷ್ಯ ಅವರಲ್ಲ. ಬೀದಿಯ ಕೊನೆಯಲ್ಲಿ ಒಂದು ಶೆಡ್ ಹಿಡಿದು, ಮೂವರೂ ಒಂದೊಂದು ಮೆಷಿನ್ನು ಅಲ್ಲಿಗೆ ಸಾಗಿಸಿ, ಅವರವರ ಕೆಲಸದ ಕ್ರಮವನ್ನು ಬರೆದು ಸಹಿ ಹಾಕಿ ತಗಡಿನ ಬೀರುವಿನಲ್ಲಿಡಬೇಕೆಂದು ಮಾತಾಗಿತ್ತು. ಯಾರು ಕಾಯಿಲೆ ಬಿದ್ದರೂ ಕೆಲಸ ನಿಲ್ಲಬಾರದು ಎಂಬುದಕ್ಕೆ. ಮಾವ ಒಂದು ಭಾನುವಾರ ಪೂರ್ತಿ ಕೂತು ಹನ್ನೊಂದು ಹಂತ ಹೇಳಿದರು. ತಂತಿಯ ನಂಬರು, ಸುತ್ತಿನ ಲೆಕ್ಕ, ಎಣ್ಣೆಯ ಜಾತಿ, ಒಂದನ್ನೂ ಮುಚ್ಚಿಡಲಿಲ್ಲ. ದುಂಡಗೆ ಬರೆದುಕೊಟ್ಟವಳು ಸೊಸೆ.

ಶೆಡ್ ಸಿದ್ಧವಾಗುವ ಮೊದಲು ಅವರವರ ಮನೆಗಳಲ್ಲೇ ಮಾಡಿ ಜೋಡಿಸಿದ ಆರು ಜೊತೆ ಊರುಗೋಲುಗಳನ್ನು ಆಸ್ಪತ್ರೆಯವರು ತಿಂಗಳುಗಟ್ಟಲೆ ಬಳಸಿ ನೋಡಿ ಮೆಚ್ಚಿದ್ದರು. ಆಮೇಲೆ ಶೆಡ್ಡಿನಲ್ಲಿ ಮಾಡಿದ ಇಪ್ಪತ್ತು ಜೊತೆಯಲ್ಲಿ ಒಂದು ಟೈಲರ್ ಅಜ್ಜಿಯ ಪಾಲಿಗೆ ಬಂದಿತ್ತು.

ವಾಲಿದ ಊರುಗೋಲನ್ನು ಶೆಡ್ಡಿನ ಬೆಂಚಿನ ಮೇಲಿಟ್ಟು ಮೂರು ಮನೆಯವರೂ ಸುತ್ತ ನಿಂತರು. ರಬ್ಬರ್ ಪಾದ ಒಂದು ಅಂಚಿನಲ್ಲಿ ನುಣ್ಣಗೆ ಸವೆದಿತ್ತು, ಇನ್ನೊಂದು ಅಂಚು ಹೊಸದಿದ್ದಂತೆಯೇ ಇತ್ತು. ಮಾವ ಅದನ್ನು ಹೆಬ್ಬೆರಳಲ್ಲಿ ಉಜ್ಜಿ ಎಲ್ಲರಿಗೂ ತೋರಿಸಿದರು.

"ಕಣ್ಣಿಗೆ ಕಾಣ್ತಿದೆಯಲ್ಲ. ರಬ್ಬರ್ ಮೆತ್ತಗಿದೆ. ಸವೆದಿದೆ, ವಾಲಿದೆ, ಆಯಮ್ಮ ಬಿದ್ದಿದ್ದಾರೆ."

"ಮಾವ, ಮೊದಲಿನ ಆರು ಜೊತೆಗೂ ಇದೇ ಮಿಶ್ರಣ ಹಾಕಿದ್ದು," ಅಂದ ಅಣ್ಣ. "ಅವು ಹೀಗೆ ಸವೆದಿಲ್ಲ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ," ಅಂದರು ಮಾವ.

ಲೇತಿನಕ್ಕ ಕೊಳವೆಯೊಳಗೆ ಬೆರಳಾಡಿಸಿ ನೋಡಿದಳು. ತನ್ನ ಕೊಳವೆ ನೆಟ್ಟಗಿರುವುದು ಖಾತ್ರಿಯಾದ ಮೇಲೆ, ಯಜಮಾನರು ನಲವತ್ತು ವರ್ಷ ನೋಡಿದವರು, ಅವರ ಮಾತು ತೆಗೆದುಹಾಕೋಕಾಗಲ್ಲ ಅಂದಳು. ಸೊಸೆಯ ಗಂಡ ನೆಲ ನೋಡಿದ. ಶೆಡ್ಡಿನಲ್ಲಿ ಒಟ್ಟಿಗೆ ದುಡಿಯುವುದನ್ನು ಕಲಿತು ಮೂರು ತಿಂಗಳಾಗಿತ್ತು. ತಪ್ಪನ್ನು ಒಟ್ಟಿಗೆ ಹೊರುವ ವಿದ್ಯೆ ಇನ್ನೂ ಯಾರಿಗೂ ಬಂದಿರಲಿಲ್ಲ.

ಅಣ್ಣ ಎರಡು ವಾರದಲ್ಲಿ ಎರಡು ಸಲ ಮಿಶ್ರಣ ಬದಲಿಸಿದ. ಎರಡು ಸಲವೂ ಪಾದ ಒಂದೇ ಅಂಚಿನಲ್ಲಿ ಸವೆಯಿತು. ಆಸ್ಪತ್ರೆಯವರು ಇಪ್ಪತ್ತು ಜೊತೆಯನ್ನೂ ವಾಪಸ್ ಕಳಿಸಿ, ಒಂದು ತಿಂಗಳಲ್ಲಿ ಸರಿಮಾಡದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಅಂದರು. ಟೈಲರ್ ಅಜ್ಜಿಗೆ ರಬ್ಬರ್ ಕೈಕೊಟ್ಟಿತಂತೆ ಎಂಬ ಸುದ್ದಿ ಮುಟ್ಟಿತು. ಆಕೆಯ ಕೈ ಮಾತ್ರ ಪಟ್ಟಿಯಲ್ಲಿತ್ತು, ಬಾಯಿಗೆ ಪಟ್ಟಿ ಇರಲಿಲ್ಲ. ಬಟ್ಟೆ ಹೊಲಿಸಲು ಬಂದು ಬರಿಗೈಲಿ ಹೋಗುವವರಿಗೆಲ್ಲ ಆಕೆ ರಬ್ಬರಿನವನ ಕಥೆ ಹೇಳಿ ಕಳಿಸುತ್ತಿದ್ದರು. ಅಣ್ಣನ ಹಳೇ ಗಿರಾಕಿಗಳು ಅವನ ಅಂಗಡಿ ದಾಟಿ ಹೋಗತೊಡಗಿದರು. ತನ್ನ ಒಂದೇ ಒಂದು ದೊಡ್ಡ ಪ್ರೆಸ್ಸನ್ನು ಅವನು ಶೆಡ್ಡಿಗೆ ಕೊಟ್ಟಿದ್ದ. ಒಕ್ಕೂಟದಿಂದ ಹೊರಬಿದ್ದರೆ ಅವನು ಮತ್ತೆ ಕುರ್ಚಿ ಕಾಲಿನ ಟೋಪಿಯಿಂದ ಶುರುಮಾಡಬೇಕಿತ್ತು, ಅದೂ ಹೆಸರು ಕೆಡಿಸಿಕೊಂಡು.

ಸೊಸೆಗೆ ಅದು ಅತ್ತ ದರಿ ಇತ್ತ ಪುಲಿ. ಬೆಳಿಗ್ಗೆ ಬ್ರೆಡ್ಡು ಕೊಯ್ಯುವಾಗ ಮಾವ ರಬ್ಬರಿನವನು ಅನ್ನುತ್ತಿದ್ದರು. ಮೂರು ತಿಂಗಳ ಹಿಂದೆ ಅವರ ಬಾಯಲ್ಲಿ ಅವನು ನಿನ್ನ ಅಣ್ಣ ಆಗಿದ್ದ. ಅವಳು ಟೀ ಬಗ್ಗಿಸುತ್ತಿದ್ದಳು. ಒಂದು ದಿನ ತರಕಾರಿ ಅಂಗಡಿಯ ಮುಂದೆ ಅಣ್ಣ ಎದುರಾದ. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಪುಟ್ಟಿ, ದಿನಾ ಅಳತೆ ನೋಡೋಳು ನೀನು. ನೀನೇನಂತೀಯ?"

"ಮಾವ ಹೇಳಿದ ಮೇಲೆ..." ಅಂದಳು ಅವಳು. ಅಷ್ಟೇ ಬಂತು ಬಾಯಿಗೆ.

ಅವನು ಈರುಳ್ಳಿ ಚೀಲ ಎತ್ತಿಕೊಂಡು ಹೋದ. ತಾನು ಆಡಿದ್ದು ಎಂಥ ಮಾತು ಎಂದು ಮನೆಗೆ ಬರುವ ದಾರಿಯಲ್ಲೇ ಅವಳಿಗೆ ನಾಚಿಕೆಯಾಯಿತು. ಒಡಹುಟ್ಟಿದವನು ನಿನ್ನ ಕಣ್ಣಿಗೆ ಕಂಡದ್ದೇನು ಅಂತ ಕೇಳಿದರೆ ಇವಳು ಮಾವನ ಕಣ್ಣನ್ನು ತೋರಿಸಿದ್ದಳು.

ಆ ನಾಚಿಕೆಯಿಂದಲೇ ಅವಳು ಮಾರನೇ ದಿನ ಆಸ್ಪತ್ರೆಗೆ ಹೋಗಿ, ಮೊದಲಿನ ಆರು ಜೊತೆಯಲ್ಲಿ ಒಂದನ್ನು ಕೇಳಿ ತಂದು ಬಿಚ್ಚಿದ್ದು. ಅದು ಟೈಲರ್ ಅಜ್ಜಿಯ ಊರುಗೋಲಿಗಿಂತ ನಾಲ್ಕು ಪಟ್ಟು ಹೆಚ್ಚು ನಡೆದಿತ್ತು. ಸ್ಪ್ರಿಂಗ್ ತೆಗೆದು ಅಳೆದಳು: ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ ಉದ್ದ. ಶೆಡ್ಡಿನ ಇಪ್ಪತ್ತು ಜೊತೆಯನ್ನೂ ಬಿಚ್ಚಿ ಅಳೆದಳು. ಒಂದೂ ಬಿಡದೆ ಎಲ್ಲವೂ ಕುಗ್ಗಿದ್ದವು, ಕೆಲವು ಒಂದೇ ಪಕ್ಕಕ್ಕೆ ಬಾಗಿದ್ದವು. ಸ್ಪ್ರಿಂಗ್ ಬಾಗಿದರೆ ಪಾದ ವಾಲುತ್ತದೆ, ಪಾದ ವಾಲಿದರೆ ರಬ್ಬರಿನ ಒಂದೇ ಅಂಚು ನೆಲಕ್ಕೆ ಉಜ್ಜುತ್ತದೆ. ಸವೆದದ್ದು ರಬ್ಬರೇ, ಆದರೆ ಸೋತದ್ದು ರಬ್ಬರಲ್ಲ.

ಅದೇ ತಂತಿ, ಅದೇ ಮೆಷಿನ್ನು, ಸುತ್ತಿದ್ದೂ ಅದೇ ಮಾವ. ಹಾಗಾದರೆ ಎಲ್ಲಿ ತಪ್ಪಿತು? ತಾನೇ ಬರೆದ ಹನ್ನೊಂದು ಹಂತದ ಪ್ರತಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತವಳು ಅತ್ತೆಯ ಹತ್ತಿರ ಮನಸ್ಸು ತೋಡಿಕೊಂಡಳು. ಅತ್ತೆ ಹಿಟ್ಟು ನಾದುತ್ತಿದ್ದರು. ಅವರಿಗೆ ಓದು ಅಷ್ಟಕ್ಕಷ್ಟೇ. ಒಂದೊಂದಾಗಿ ಓದಿ ಹೇಳು ಅಂದರು. ಹತ್ತನೆಯದು ತೊಳೆಯುವುದು. ಹನ್ನೊಂದನೆಯದು ಶೆಡ್ಡಿನ ಗಾಳಿ ಮೆಷಿನ್ನಿನಲ್ಲಿ ಒಣಗಿಸಿ ಅಳತೆ ನೋಡುವುದು.

"ಗಾಳೀಲಾ?" ಅತ್ತೆಯ ಕೈ ನಿಂತಿತು. "ಬೇಯಿಸೋದು ಎಲ್ಲಿ ಹೋಯ್ತು?"

ಸೊಸೆಗೆ ಅರ್ಥವಾಗಲಿಲ್ಲ. ಹದಿನೈದು ವರ್ಷ ಆ ತಟ್ಟೆಗಳು ಓವನ್ನಿಗೆ ಹೋಗಿ ಬರುವುದನ್ನು ನೋಡಿದ್ದಳು, ಒಣಗಲು ಹೋಗುತ್ತವೆ ಅಂದುಕೊಂಡಿದ್ದಳು. ಮನೆಯಲ್ಲಿ ಎಲ್ಲರೂ ಅಂದುಕೊಂಡದ್ದು ಅದೇ.

"ಒಣಗಿಸೋಕೆ ಒಂದು ಗಂಟೆ ಯಾಕಮ್ಮ ಬೇಕು? ಬಿಸಿಲಲ್ಲಿಟ್ಟರೂ ಒಣಗುತ್ತೆ," ಅಂದರು ಅತ್ತೆ. "ನಾನು ಈ ಮನೆಗೆ ಬಂದ ವಾರದಲ್ಲೇ ನಮ್ಮತ್ತೆ ಕಲಿಸಿದ್ದು. ಬ್ರೆಡ್ಡಿನ ಕಾವಿಗಿಂತ ಜಾಸ್ತಿ ಕಾವು ಬೇಕು. ತಟ್ಟೆಯ ಮೂಲೇಲಿ ಚಿಟಿಕೆ ಹಿಟ್ಟು ಹಾಕಿಡಬೇಕು. ಹಿಟ್ಟು ಕಂದು ಬಣ್ಣಕ್ಕೆ ತಿರುಗಿದಲ್ಲಿಂದ ಒಂದು ಗಂಟೆ. ಸುತ್ತಿದ ತಂತಿಗೆ ಮುನಿಸಿರುತ್ತೆ, ಕಾವು ತಾಗಿದರೆ ಸಮಾಧಾನ ಆಗುತ್ತೆ ಅನ್ನೋರು ಅವರು. ನಾನು ಬಾಣಂತಿ ಅಂತ ತವರಿಗೆ ಹೋಗಿದ್ದ ತಿಂಗಳು ನಮ್ಮತ್ತೆಗೂ ಜ್ವರ. ತಟ್ಟೆ ಒಲೆಗೆ ಹೋಗಲಿಲ್ಲ. ಆ ತಿಂಗಳ ಮಾಲು ಪೂರ್ತಿ ವಾಪಸ್ ಬಂತು. ಗಂಡಸರು ತಂತಿ ವ್ಯಾಪಾರೀನ ಬೈದು ಸುಮ್ಮನಾದರು."

"ನೀವು ಮಾವನಿಗೆ ಹೇಳಲಿಲ್ಲವಾ ಅತ್ತೆ?"

"ಶೆಡ್ ಶುರುವಾದಾಗ ಕೇಳಿದ್ದೆ, ಅಲ್ಲಿ ಓವನ್ ಇಟ್ಟಿದ್ದೀರಾ ಅಂತ. ಅಲ್ಲೇನು ಬ್ರೆಡ್ಡು ಮಾರ್ತೀವಾ ಅಂತ ನಕ್ಕರು. ಇನ್ನೇನೋ ದೊಡ್ಡ ಮೆಷಿನ್ನು ಇರಬೇಕು ಅಂದುಕೊಂಡೆ. ನಾನೇನು ಕಂಡವಳಾ ಶೆಡ್ಡನ್ನ?"

ಹಿತ್ತಲ ಗಿಡ ಮದ್ದಲ್ಲ ಎಂದು ದೊಡ್ಡವರು ಹೇಳಿದ್ದು ಸುಮ್ಮನೆ ಅಲ್ಲ. ಮೂರು ಕಾರ್ಖಾನೆಯವರು ಗುಟ್ಟುಗಳನ್ನೆಲ್ಲ ಬಿಚ್ಚಿ ಕಾಗದಕ್ಕಿಳಿಸಿದ್ದರು. ನಿಜವಾದ ಗುಟ್ಟು ಮಾತ್ರ ಅಡುಗೆಮನೆಯಲ್ಲೇ ಉಳಿದಿತ್ತು, ಅದನ್ನು ಬಲ್ಲವರಿಗೂ ಅದು ಗುಟ್ಟೆಂದು ಗೊತ್ತಿಲ್ಲದೆ.

ಸೊಸೆ ಅವಸರಪಡಲಿಲ್ಲ. ಶೆಡ್ಡಿನಿಂದ ಹೊಸ ಸ್ಪ್ರಿಂಗ್ ಹತ್ತು ತಂದಳು. ಐದನ್ನು ಅತ್ತೆ ತಮ್ಮ ಕ್ರಮದಲ್ಲಿ ಬೇಯಿಸಿದರು, ಐದು ಹಾಗೇ ಉಳಿದವು. ಹತ್ತನ್ನೂ ಎರಡು ಹಲಗೆಗಳ ನಡುವೆ ಇಟ್ಟು ತಿರುಪು ಬಿಗಿದು ಒತ್ತಿಟ್ಟಳು. ನಾಲ್ಕನೇ ದಿನ ಬಿಚ್ಚಿದಾಗ ಬೆಂದವು ಐದೂ ಚಿಮ್ಮಿ ತಮ್ಮ ಅಳತೆಗೆ ಬಂದವು. ಬೇಯದವು ಅರೆನಿದ್ದೆಯಲ್ಲಿ ಎದ್ದವರಂತೆ ಅರ್ಧಕ್ಕೇ ನಿಂತವು.

ಮೊದಲು ಗಂಡನಿಗೆ ತೋರಿಸಿದಳು. ಅವನು ಎರಡೂ ಬಗೆಯದನ್ನು ಒತ್ತಿ ನೋಡಿದ. ಅಪ್ಪನಿಗೆ ಹೇಳುವುದು ಬೇಡ ಅಂದ. ಇನ್ನೂ ಅನುಕೂಲವಾಗಲಿ ಎಂಬ ನೆಪದಲ್ಲಿ ಶೆಡ್ಡಿಗೆ ಒಂದು ಓವನ್ ತರಿಸೋಣ, ಮುಂದಿನ ಮಾಲು ಸರಿಯಾಗುತ್ತದೆ, ಯಾರ ಮುಖವೂ ಕೆಡುವುದಿಲ್ಲ.

"ನಮ್ಮಣ್ಣನ ಮುಖ?" ಅಂದಳು ಅವಳು. "ಬುಧವಾರ ಶೆಡ್ಡಿನಲ್ಲಿ ಎಲ್ಲರೂ ಸೇರಿ ಅವನನ್ನ ಕೈಬಿಡೋ ತೀರ್ಮಾನ ಮಾಡ್ತೀರಿ. ಅವನು ಹೋದ ಮೇಲೆ ಮಾಲು ಸರಿಯಾದರೆ ಜನ ಏನಂತಾರೆ? ರಬ್ಬರಿನವನು ತೊಲಗಿದ, ಎಲ್ಲ ಸರಿಹೋಯ್ತು ಅಂತಾರೆ. ಸಾಯೋವರೆಗೂ ಅವನು ಅದನ್ನ ಹೊತ್ತುಕೊಂಡು ತಿರುಗಬೇಕಾ?"

ಗಂಡ ತಲೆ ತಗ್ಗಿಸಿದ. ಒಳ್ಳೆಯವನೇ, ಆದರೆ ಅಪ್ಪನ ಮುಂದೆ ಅವನ ಬೆನ್ನುಮೂಳೆ ಯಾವತ್ತೂ ಅರ್ಧ ಬೆಂದದ್ದೇ.

ಮಂಗಳವಾರ ಮಧ್ಯಾಹ್ನದ ಊಟಕ್ಕೆ ಅವಳು ಹತ್ತು ಸ್ಪ್ರಿಂಗುಗಳನ್ನು ಮೇಜಿನ ಮೇಲೆ ಎರಡು ಸಾಲಾಗಿ ನಿಲ್ಲಿಸಿದಳು. ಮಾವ ಏನಿದು ಅಂದರು. ಅವಳು ಹೇಳಿದಳು. ಆಸ್ಪತ್ರೆಯಿಂದ ತಂದ ಊರುಗೋಲಿನಿಂದ ಹಿಡಿದು ಹಲಗೆ ಬಿಚ್ಚಿದ್ದರವರೆಗೆ ಒಂದನ್ನೂ ಬಿಡದೆ ಹೇಳಿದಳು.

"ಅಣ್ಣನನ್ನ ಉಳಿಸೋಕೆ ಮಾವನ ಕುತ್ತಿಗೆ ಕೊಯ್ತೀಯಾ?" ಅಂದರು ಮಾವ. "ನಲವತ್ತು ವರ್ಷದ ಕೆಲಸ ಇದು. ಓವನ್ನಂತೆ, ಹಿಟ್ಟಂತೆ. ನಾನೇನು ಸ್ಪ್ರಿಂಗ್ ಮಾಡಿದ್ದಾ, ಬಿಸ್ಕತ್ತು ಮಾಡಿದ್ದಾ?"

"ನೀವು ಸುತ್ತಿದ್ದು," ಅಂದರು ಅತ್ತೆ. ಅವರು ಗಂಡನಿಗೆ ಎದುರಾಡಿದ್ದನ್ನು ಸೊಸೆ ಅವತ್ತಿನವರೆಗೆ ನೋಡಿರಲಿಲ್ಲ. "ಸ್ಪ್ರಿಂಗ್ ಆಗಿದ್ದು ನನ್ನ ಒಲೆಯಲ್ಲಿ. ನಿಮಗೆ ಗೊತ್ತಿರಲಿಲ್ಲ, ಅದು ತಪ್ಪಲ್ಲ. ನಾನು ಕೇಳಿದಾಗ ನಕ್ಕಿರಲ್ಲ, ಅದು ತಪ್ಪು. ನಿಮ್ಮ ಆ ನಗುವಿಗೆ ಇನ್ನೊಬ್ಬರ ಕೈ ಮುರೀತು."

ಮಾವ ಊಟ ಬಿಟ್ಟು ಎದ್ದರು. ಏಳುವಾಗ ಹತ್ತೂ ಸ್ಪ್ರಿಂಗುಗಳನ್ನು ಮಡಿಲಿಗೆ ಹಾಕಿಕೊಂಡು ಮುಂಭಾಗಕ್ಕೆ ಹೋದರು. ಸಂಜೆಯವರೆಗೂ ಅಲ್ಲಿಂದ ಮೆಷಿನ್ನಿನ ಸದ್ದು ಬರಲಿಲ್ಲ. ಸೊಸೆ ಟೀ ಕೊಂಡುಹೋದಾಗ ಅವರು ಅವಳ ಮೇಜಿನ ಮುಂದೆ, ಅವಳ ಸ್ಟೂಲಿನ ಮೇಲೆ ಕೂತು ಒಂದೊಂದನ್ನೂ ಒತ್ತಿ, ಬಿಟ್ಟು, ಅಳೆದು, ಮತ್ತೆ ಒತ್ತುತ್ತಿದ್ದರು. ನಮ್ಮಮ್ಮನಿಗೂ ಗೊತ್ತಿತ್ತಾ ಇದು ಎಂದು ಕೇಳಿದರು. ಅವಳು ಹೂಂ ಅಂದಳು. ನಮ್ಮಪ್ಪನಿಗೆ ಗೊತ್ತಿರಲಿಲ್ಲ ಹಾಗಾದರೆ ಅಂದರು. ಟೀ ಆರಿಹೋಯಿತು.

ಬುಧವಾರ ಶೆಡ್ಡಿನಲ್ಲಿ ಮಾವ ಯಾರೂ ಬಾಯಿ ತೆರೆಯುವ ಮುಂಚೆ ಎದ್ದು ನಿಂತು, ತಪ್ಪು ಸ್ಪ್ರಿಂಗಿನದು, ರಬ್ಬರಿನದಲ್ಲ ಎಂದರು. ಯಾಕೆ, ಹೇಗೆ ಎಂಬುದನ್ನೂ ಹೇಳಿದರು. ತಮ್ಮ ಹೆಂಡತಿ ಬಲ್ಲ ಕೆಲಸವನ್ನು ತಾವು ಕೆಲಸವೆಂದೇ ಎಣಿಸಿರಲಿಲ್ಲ ಎಂದೂ ಹೇಳಿದರು. ಲೇತಿನಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನು ಎಲ್ಲ ಮೊದಲಿನಂತೆ ಆಗುತ್ತದೆ ಎಂದು ಸೊಸೆಯ ಎದೆ ಹಗುರಾಗುತ್ತಿರುವಾಗ ಅಣ್ಣ ಗೋಡೆಯ ಮೊಳೆಯಿಂದ ಅಂಗಿ ತೆಗೆದುಕೊಂಡ.

"ನೀವು ಹೇಳಿದ್ದು ದೊಡ್ಡ ಮಾತು ಮಾವ. ನನಗೆ ಸಿಟ್ಟಿಲ್ಲ. ಆದರೆ ತಪ್ಪು ಯಾರದು ಅಂತ ಹುಡುಕೋ ಮುಂಚೇನೇ ಅದು ನಂದು ಅಂತ ಇಲ್ಲಿ ಎಲ್ಲರಿಗೂ ಗೊತ್ತಿತ್ತು. ಇವಳಿಗೂ." ತಂಗಿಯ ಕಡೆ ತಿರುಗದೆಯೇ ಅಂದ. "ನಾಳೆ ಇನ್ನೊಂದು ಕೆಟ್ಟರೆ ಮತ್ತೆ ಮೊದಲು ನನ್ನನ್ನೇ ನೋಡ್ತೀರಿ. ಪ್ರೆಸ್ಸನ್ನ ಶನಿವಾರ ಒಯ್ತೀನಿ."

ಅವನು ಹೋದ ಮೇಲೆ ಸೊಸೆ ಅತ್ತಳು. ಯಾರ ಮುಂದೆ ಅಳಬಾರದೋ ಅವರ ಮುಂದೆಯೇ ಅತ್ತಳು.

ಮಾವ ಅವಳನ್ನು ಸಮಾಧಾನ ಮಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಬಾ ಅಂದರು. ನೇರ ಟೈಲರ್ ಅಜ್ಜಿಯ ಮನೆಗೆ ನಡೆದರು. ಅಜ್ಜಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಿಂದೆ ಹೊಲಿಗೆ ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿತ್ತು. ಮಾವ ನಿಂತೇ ಹೇಳಿದರು. ಅಜ್ಜಿ ಪೂರ್ತಿ ಕೇಳಿದರು.

"ರಬ್ಬರ್ ಅಂತ ಹೇಳಿ ಕಳಿಸಿದ್ದು ಯಾರು?"

"ನಾನೇ."

"ಸ್ಪ್ರಿಂಗ್ ಮಾಡಿದ್ದು?"

"ಅದೂ ನಾನೇ."

"ಐದು ವಾರದಿಂದ ಆ ಹುಡುಗನಿಗೆ ಬಾಯಿಗೆ ಬಂದಿದ್ದೆಲ್ಲ ಅಂದಿದ್ದೀನಿ. ಮಾತು ಆಡಿದರೆ ಹೋಯ್ತು. ನಾನು ಯಾರ್ಯಾರ ಹತ್ತಿರ ಆಡಿದ್ದೀನೋ ಅವರ ಮನೆಗೆಲ್ಲ ಹೋಗಿ ಹೇಳೋಕೆ ನನ್ನ ಕಾಲಲ್ಲಿ ಆಗುತ್ತಾ?" ಅಜ್ಜಿ ಮಾವನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಕಾಲು ಗಟ್ಟಿಯಾಗಿದೆ. ಹೊಸ ಜೊತೆ ಮಾಡಿ. ಮೂರು ವಾರ ನೀವೇ ಅದನ್ನ ಊರಿಕೊಂಡು ಓಡಾಡಿ. ಕೇಳಿದವರಿಗೆಲ್ಲ ಯಾಕೆ ಅಂತ ಹೇಳಿ. ಆಮೇಲೂ ಅದು ನೆಟ್ಟಗಿದ್ದರೆ ನನಗೆ ತಂದುಕೊಡಿ, ನಡೀತೀನಿ."

ಸೊಸೆ ಇಂಥದ್ದಕ್ಕೆಲ್ಲ ಮಾವ ಒಪ್ಪಲಾರರು ಅಂದುಕೊಂಡಳು. ಮಾವ ಆಗಲಿ ತಾಯಿ ಅಂದರು.

ಶನಿವಾರ ಅಣ್ಣನ ಪ್ರೆಸ್ಸು ಶೆಡ್ಡಿನಿಂದ ಹೊರಟಿತು. ಅಲ್ಲಿ ಮಿಕ್ಕಿದ್ದ ಅವನ ಹಳೇ ರಬ್ಬರ್ ಪಾದಗಳಲ್ಲೇ ಎರಡನ್ನು ಹಾಕಿ ಮಾವ ಹೊಸ ಜೊತೆ ಜೋಡಿಸಿದರು. ಸ್ಪ್ರಿಂಗುಗಳನ್ನು ಅತ್ತೆ ಬೇಯಿಸಿದರು. ಹನ್ನೆರಡನೇ ಹಂತವನ್ನು ಸೊಸೆ ಬರೆದಳು, ಈ ಕೆಲಸ ಬಲ್ಲವರು ಎಂಬ ಕಡೆ ಅತ್ತೆ ತಿದ್ದಿ ತಿದ್ದಿ ತಮ್ಮ ಸಹಿ ಹಾಕಿದರು. ಆಸ್ಪತ್ರೆಗೆ ಗಂಡನೇ ಹೋಗಿ ನಿಜ ಹೇಳಿ, ಇನ್ನೊಂದು ತಿಂಗಳ ಅವಧಿ ಕೇಳಿ ತಂದ. ಅಪ್ಪನ ಅಪ್ಪಣೆ ಇಲ್ಲದೆ ಅವನು ಮಾಡಿದ ಮೊದಲ ಕೆಲಸ ಅದು.

ಸೋಮವಾರದಿಂದ ಬೀದಿಯವರಿಗೆ ಒಂದು ಹೊಸ ನೋಟ ಸಿಕ್ಕಿತು. ಸ್ಪ್ರಿಂಗ್ ಯಜಮಾನರು ಎರಡೂ ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ, ಬೆಳಿಗ್ಗೆ ನಾಲ್ಕು ಸಲ, ಸಂಜೆ ನಾಲ್ಕು ಸಲ. ಅರ್ಧ ಎಳೆದ ಶಟರುಗಳು ಮೇಲೆದ್ದವು. ಕಾಲಿಗೇನಾಯ್ತು ಯಜಮಾನರೇ ಎಂದು ಕೇಳದವರಿಲ್ಲ.

"ಕಾಲಿಗೇನೂ ಆಗಿಲ್ಲ. ಸ್ಪ್ರಿಂಗಿನಲ್ಲಿ ತಪ್ಪಿತ್ತು. ತಪ್ಪು ನಂದು, ರಬ್ಬರಿನವನದಲ್ಲ."

ಮೊದಲ ದಿನ ಆ ಮಾತು ಅವರ ಗಂಟಲಲ್ಲಿ ಬಿಸಿತುಪ್ಪವಾಯಿತು. ಮೂರನೇ ದಿನ ಒಬ್ಬ ಬೆಸುಗೆಯವನು ನಕ್ಕ. ಮಾವ ನಿಂತು, ಅವನು ನಕ್ಕು ಮುಗಿಸುವವರೆಗೆ ಕಾದು, ಮತ್ತೆ ಮೊದಲಿನಿಂದ ಹೇಳಿದರು. ಒಂದು ವಾರಕ್ಕೆ ಅವರ ಕಂಕುಳ ಕೆಂಪಾಗಿ ಚರ್ಮ ಸುಲಿಯಿತು. ಅತ್ತೆ ಎಣ್ಣೆ ಹಚ್ಚುತ್ತ, ಸಾಕು ಬಿಡಿ, ಊರಿಗೆಲ್ಲ ಗೊತ್ತಾಯಿತಲ್ಲ ಅಂದರು. ಕೊಟ್ಟ ಮಾತು ಮೂರು ವಾರ ಅಂದರು ಮಾವ. ಎಂಟು ಸಲದಲ್ಲಿ ಎಂಟು ಸಲವೂ ಅಣ್ಣನ ಕಾರ್ಖಾನೆಯ ಮುಂದೆ ಹಾಯುತ್ತಿದ್ದರು, ಎಂಟು ಸಲವೂ ಅವನ ಶಟರ್ ಮೊಳಕಾಲಿನ ಮಟ್ಟದಲ್ಲೇ ಇರುತ್ತಿತ್ತು. ಕೆಳಗಿನ ಸಂದಿಯಲ್ಲಿ ಅವನ ಪಾದಗಳು ಕಾಣುತ್ತಿದ್ದವು, ಮಾವ ದಾಟುವವರೆಗೆ ಅಲುಗದೆ ನಿಂತಿರುತ್ತಿದ್ದವು. ಸೊಸೆ ದಿನಾ ಸಂಜೆ ಮಾವನ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆಯುತ್ತಿದ್ದಳು. ಅವನು ಆ ಶಟರ್ ಎತ್ತಲಿ ಎಂಬುದೊಂದೇ ಅವಳ ಮನಸ್ಸಿನಲ್ಲಿತ್ತು. ಅಣ್ಣಾ ಎಂದು ಕೂಗಲು ಬಾಯಿ ಬರುತ್ತಿರಲಿಲ್ಲ. ಕೂಗುವ ಹಕ್ಕನ್ನು ತರಕಾರಿ ಅಂಗಡಿಯ ಮುಂದೆ ತಾನೇ ಕಳೆದುಕೊಂಡಿದ್ದೇನೆ ಅನ್ನಿಸುತ್ತಿತ್ತು.

ಹದಿನಾರನೇ ದಿನ ಸಂಜೆ ಅವಳು ತಡೆಯಲಾರದೆ ಆ ಶಟರಿನ ಮುಂದೆ ನಿಂತಳು. ಬಗ್ಗಿ, ಸಂದಿಯಲ್ಲಿ ಕಾಣುತ್ತಿದ್ದ ಪಾದಗಳಿಗೆ ಹೇಳಿದಳು.

"ಅಣ್ಣ, ನೀನು ಅವತ್ತು ಕೇಳಿದಾಗ ನಾನು ಅಳೆದು ನೋಡದೇ ಮಾತಾಡಿದೆ. ಮಾವಂದು ಎಷ್ಟು ತಪ್ಪೋ ನಂದೂ ಅಷ್ಟೇ."

ಮುಂದೆ ಹೋಗಿದ್ದ ಮಾವ ತಿರುಗಿ ನೋಡಿ, ನಿಂತರು. ಸ್ವಲ್ಪ ಹೊತ್ತಿಗೆ ಶಟರ್ ಗರಗರ ಎಂದು ಪೂರ್ತಿ ಮೇಲೆದ್ದಿತು. ಅಣ್ಣ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ತಂಗಿಯ ತಲೆಯ ಮೇಲೆ ಕೈಯಿಟ್ಟು, ಮಾವನ ಹತ್ತಿರ ನಡೆದ.

"ಸಾಕು ಮಾವ. ಕೊಡಿ ಇಲ್ಲಿ."

"ಇನ್ನೂ ಐದು ದಿನ ಇದೆಯಪ್ಪ. ಆಯಮ್ಮನಿಗೆ ಮಾತು ಕೊಟ್ಟಿದ್ದೀನಿ."

"ಹಾಗಾದ್ರೆ ಒಂದು ಕೊಡಿ," ಅಂದ ಅಣ್ಣ. "ಅದರ ಕೆಳಗಿರೋ ರಬ್ಬರ್ ನಂದು."

ಮಾವ ಅವನ ಮುಖ ನೋಡಿದರು. ಎಡಗಡೆಯ ಊರುಗೋಲನ್ನು ಕಂಕುಳಿನಿಂದ ತೆಗೆದು ಕೊಟ್ಟರು. ಅಣ್ಣ ಅದನ್ನು ತನ್ನ ಕಂಕುಳಿಗೆ ಕೊಟ್ಟುಕೊಂಡ. ಕಾಲು ಗಟ್ಟಿಯಾಗಿದ್ದ ಇಬ್ಬರು ಗಂಡಸರು ಒಂದೊಂದು ಊರುಗೋಲು ಊರಿಕೊಂಡು, ಹೆಜ್ಜೆಗೆ ಹೆಜ್ಜೆ ಕೂಡಿಸಲು ತಡಕಾಡುತ್ತ, ಬೀದಿಯ ಆ ತುದಿಗೆ ಹೊರಟರು. ಲೇತಿನಕ್ಕನ ಮನೆಯ ಮುಂದೆ ಯಾರೋ ಕೇಳಿದರು, ನಿನ್ನ ಕಾಲಿಗೇನಾಯ್ತಪ್ಪ ಎಂದು. ಅಣ್ಣ ಏನು ಉತ್ತರ ಕೊಟ್ಟನೋ ಸೊಸೆಗೆ ಕೇಳಿಸಲಿಲ್ಲ. ಅವಳು ಅವನ ತೆರೆದ ಶಟರಿನ ಮುಂದೆಯೇ ನಿಂತು ಅಳುತ್ತಿದ್ದಳು.